ನೀರಿನಡಿಯ ತವರು

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊಸನಗರವನ್ನು ಹಾದು, ಸಾಗರ ಸೀಮೆಯನ್ನು ಸೇರಿ, ಜೋಗದಲ್ಲಿ ಧುಮುಕುವಳೆಂಬುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆದರೆ ಆ ಹೊಳೆಯ ಇಕ್ಕೆಲಗಳಲ್ಲಿ ತಲೆತಲಾಂತರದಿಂದ ಗದ್ದೆಗೆಯ್ದು ಬಾಳಿದ ದೀವರ ವೃತ್ತಾಂತವನ್ನು ವಿಚಾರಿಸಿದವರು ವಿರಳ. ಚರಿತ್ರೆ ಬರೆದವರು ಕೆಳದಿ, ಇಕ್ಕೇರಿಗಳ ಅರಸರನ್ನು ವರ್ಣಿಸಿ ಲೇಖನಿಯನ್ನು ಕೆಳಗಿಡುವುದೇ ವಾಡಿಕೆ.

ಈ ಜನರ ಚರಿತ್ರೆಯನ್ನು ಅವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆದಿರುವರೆಂದರೆ ಅತಿಶಯವಲ್ಲ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳುಪು, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿಯ ನಾರು. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವುದು ಹೀಗೆ ಬರೆದ ಹಸೆಚಿತ್ತಾರದ ಮುಂದೆಯೇ. ಭೂಮಿ ಹುಣ್ಣಿಮೆಯು ಬಂದಿತೆಂದರೆ ಬುಟ್ಟಿಗಳಿಗೂ ಚಿತ್ತಾರವಾಗುತ್ತದೆ. ಹೊಡೆ ತುಂಬಿದ ಭತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಆ ಬುಟ್ಟಿಗಳಲ್ಲಿ ಬಯಕೆಯ ಅಡಿಗೆಯನ್ನು ಹೊತ್ತೊಯ್ದು ಬಡಿಸುವರು. ಮಗಳ ಸೀಮಂತವನ್ನು ಮಾಡಿದ ತಾಯಂದಿರಿಗೆ ಇದರ ಅರ್ಥವನ್ನು ನಾವು ವಿವರಿಸಬೇಕಾದುದಿಲ್ಲ.

ಇಷ್ಟು ಅಕ್ಕರೆಯಿಂದ ಪೂಜಿಸಿದ ನೆಲವಾದರೂ ಬಹುಮಟ್ಟಿಗೆ ಅವರದಾಗಿರಲಿಲ್ಲ, ಅವರು ಗೇಣಿದಾರರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಮೇಲೆಯೇ ವ್ಯಾಜ್ಯ ಹುಟ್ಟಿ, 1951ರಲ್ಲಿ ಸಾಗರದ ಸಮೀಪದ ಕಾಗೋಡಿನಲ್ಲಿ ಸತ್ಯಾಗ್ರಹವು ನಡೆಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಅವರೂ ಬಂದು ಸೆರೆಯಾದರು. ಒಂದು ಅಳತೆಯ ಪಾತ್ರೆಗಾಗಿ ಇಷ್ಟು ರಂಪವೇಕೆಂದು ಕೇಳುವವರು ವರ್ಷದ ದುಡಿಮೆಯನ್ನು ಅನ್ಯರ ಕೊಳಗದಲ್ಲಿ ಅಳೆದುಕೊಟ್ಟು ನೋಡಬೇಕು.

ಗೆಯ್ದವನಿಗೇ ನೆಲವೆಂಬ ಕಾನೂನು ಬಲವಾಗಿ ಜಾರಿಗೆ ಬಂದುದು 1974ರಲ್ಲಿ. ಅಷ್ಟರಲ್ಲಿ ನೀರು ಮುಂದಾಗಿ ಬಂದಿತ್ತು. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಗಿಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ಗದ್ದೆ, ತೋಟ, ಮನೆಗಳೊಡನೆ ಆ ಮೊದಲನೆಯ ಅಣೆಕಟ್ಟನ್ನೂ ನುಂಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಮಡೆನೂರಿನ ಕಟ್ಟೆಯು ಇಂದಿಗೂ ತಲೆಯೆತ್ತುವುದುಂಟು. ನಾಡಿಗೆಲ್ಲ ವಿದ್ಯುದ್ದೀಪವು ಬಂದಿತು, ನಿಜ. ನಾವೂ ಅದರ ಬೆಳಕಿನಲ್ಲಿಯೇ ಇದನ್ನು ಬರೆಯುತ್ತಿದ್ದೇವೆ.

ಮುಳುಗಡೆಯಾದ ಕುಟುಂಬಗಳಲ್ಲಿ ದೀವರೊಡನೆ ಇತರ ಜಾತಿಯವರೂ ಇದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗಗಳ ಕಡೆ ಕಾಡು ಕಡಿದು ಅವರು ಹೊಸದಾಗಿ ಒಲೆಹೂಡಿದರು. ಆದರೆ ಆ ಭೂಮಿಯು ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಅದನ್ನು ಅರಣ್ಯದಿಂದ ಬಿಡಿಸಿದ ಸರಕಾರದ ಆಜ್ಞೆಗಳು, ಕೇಂದ್ರದ ಒಪ್ಪಿಗೆಯನ್ನು ಪಡೆಯಲಿಲ್ಲವೆಂಬ ಕಾರಣದಿಂದ, 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ರದ್ದಾದವು. ಊರು ಬಿಟ್ಟಾಗ ತಾಯಿಯ ಸೊಂಟದಲ್ಲಿದ್ದ ಕೂಸುಗಳು ಆಗ ಅರುವತ್ತರ ಸಮೀಪದಲ್ಲಿದ್ದರು.

ಹಿನ್ನೀರಿನ ಆಚೆಗೆ ಉಳಿದ ತುಮರಿಯ ಸೀಮೆಯ ಹೆಣ್ಣುಮಕ್ಕಳು ತವರಿಗೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯಬೇಕಾಗಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಸೇತುವೆಯು ತೆರೆಯಿತು. ಮುಳುಗಿದ ಗದ್ದೆಗಳ ಮೇಲೆ ಈಗ ಬಸ್ಸು ಓಡುತ್ತದೆ.