ಕ್ಲಿಕ್ಕಿಗೆ ಅಡಿಟಿಪ್ಪಣಿ ಇಲ್ಲ

ಸಾಹಿತ್ಯದ ವಿದ್ಯಾರ್ಥಿಗೆ ಕಂಪ್ಯೂಟರ್ ಅಂದರೆ ಟೈಪಿಂಗು ಎಂಬ ತೀರ್ಮಾನವನ್ನು ಯಾರು ಯಾವಾಗ ಮಾಡಿದರೋ, ನಾನು ಕಂಡ ಕನ್ನಡ ವಿಭಾಗಗಳು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ. ಎಂ.ಎ.ಯಲ್ಲಿ ನಾನು ಓದಿದ ಗಣಕದ ಪತ್ರಿಕೆಯಲ್ಲಿ ಕೀಲಿಮಣೆಯ ವಿನ್ಯಾಸವಿತ್ತು, ಫಾಂಟುಗಳ ಹೆಸರುಗಳಿದ್ದವು, ಶೀರ್ಷಿಕೆಯನ್ನು ದಪ್ಪ ಮಾಡುವ ಬಗೆಯಿತ್ತು, ಕೊನೆಗೊಂದು ಪಿಡಿಎಫ್. ಪಠ್ಯದೊಳಗೆ ಹುಡುಕುವುದು, ಎರಡು ಪಾಠಗಳನ್ನು ಹೋಲಿಸುವುದು, ಬೇಕಾದ ಒಂದು ಪದದ ಎದುರು ನೇರವಾಗಿ ಹೋಗಿ ನಿಲ್ಲುವುದು ಇವ್ಯಾವುವೂ ಇರಲಿಲ್ಲ. ಟರ್ಮಿನಲ್ ಎಂಬ ಕಪ್ಪು ಕಿಟಕಿಯ ಹೆಸರೆತ್ತಿದರೆ ‘ಅದೆಲ್ಲ ಎಂಜಿನಿಯರಿಂಗಿನವರಿಗೆ’ ಎಂಬ ಉತ್ತರ. ನನ್ನ ತಕರಾರು ಇರುವುದು ಈ ಉತ್ತರದ ಮೇಲೆ.

ವಿಷಯ ನೋಡಿದರೆ ತೀರ ಸಣ್ಣದು. ನಾವು ಐಕಾನ್ ಒತ್ತಿ ಟೆಕ್ಸ್ಟ್ ಎಡಿಟರ್ ತೆರೆಯುತ್ತೇವೆ. ಆಮೇಲೆ ಮೆನುವಿಗೆ ಹೋಗಿ, ಫೋಲ್ಡರಿನಿಂದ ಫೋಲ್ಡರಿಗೆ ಇಳಿದು ಫೈಲು ಹುಡುಕುತ್ತೇವೆ. ಆಮೇಲೆ ಬೇಕಾದ ಸಾಲು ಸಿಗುವವರೆಗೆ ಮೌಸಿನ ಚಕ್ರ ತಿರುಗಿಸುತ್ತ ಕೂರುತ್ತೇವೆ. ಇದಿಷ್ಟನ್ನೂ ಟರ್ಮಿನಲ್ಲಿನಲ್ಲಿ ಒಂದೇ ಸಾಲಿನಲ್ಲಿ ಹೇಳಬಹುದು. ಲಿನಕ್ಸಿನ ಜಿಎಡಿಟ್‌ಗೆ ಫೈಲಿನ ಹೆಸರಿನ ಜೊತೆ ‘+412’ ಎಂದು ಕೊಟ್ಟರೆ ಕಿಟಕಿ ತೆರೆದುಕೊಳ್ಳುವುದೇ 412ನೇ ಸಾಲಿನಲ್ಲಿ. ‘+412:7’ ಅಂದರೆ ಅದೇ ಸಾಲಿನ 7ನೇ ಸ್ಥಾನ. ಕೇಟ್ ಎಂಬ ಎಡಿಟರಿಗೆ ‘--ಲೈನ್ 412’ ಅನ್ನಬೇಕು. ವಿಎಸ್ ಕೋಡಿಗೆ ‘--ಗೋಟು’ ಎಂದು, ಫೈಲಿನ ಹೆಸರಿಗೆ ಕೋಲನ್ ಹಚ್ಚಿ ಸಂಖ್ಯೆ. ವಿಂಡೋಸಿನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ‘-ಎನ್412’. (ಕೀಲಿಸುವಾಗ ಇವು ರೋಮನ್ ಅಕ್ಷರಗಳು, ಆ ಮಾತಿಗೆ ಆಮೇಲೆ ಬರುತ್ತೇನೆ.) ಧಾರವಾಡದ್ದೊಂದು, ಮಂಗಳೂರಿನದೊಂದು ಅನ್ನುವ ಹಾಗೆ ಒಂದೊಂದು ಎಡಿಟರಿಗೂ ಒಂದೊಂದು ಒಳನುಡಿ. ಹೇಳುವ ಮಾತು ಒಂದೇ: ಈ ಫೈಲಿನ ಈ ಸಾಲಿಗೆ ನನ್ನನ್ನು ಕರೆದುಕೊಂಡು ಹೋಗು.

ಇದು ಎಂಜಿನಿಯರುಗಳ ಭಾಷೆಯೆ? ಕುಮಾರವ್ಯಾಸನನ್ನು ನಾವು ಪರ್ವ, ಸಂಧಿ, ಪದ್ಯ ಎಂದು ಉಲ್ಲೇಖಿಸುತ್ತೇವೆ. ಪಂಪನನ್ನು ಆಶ್ವಾಸ, ಪದ್ಯ ಎಂದು. ಪುಟದ ಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾದರೂ ಈ ವಿಳಾಸ ಉಳಿಯುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನು ತೆರೆದು ನೋಡಿ: ಅರ್ಥದ ಬೆನ್ನಿಗೆ ಪ್ರಯೋಗ, ಪ್ರಯೋಗದ ಬೆನ್ನಿಗೆ ಅದು ಎಲ್ಲಿಯದು ಎಂಬ ಗುರುತು. ವಿಳಾಸವಿಲ್ಲದ ಪ್ರಯೋಗಕ್ಕೆ ಅಲ್ಲಿ ಬೆಲೆಯಿಲ್ಲ. ಅಂಥ ಪರಂಪರೆಯಲ್ಲಿ ಬಂದ ನಾವು ಕಂಪ್ಯೂಟರಿನ ಮುಂದೆ ಕೂತ ಕೂಡಲೇ ವಿಳಾಸ ಮರೆತು ಚಕ್ರ ತಿರುಗಿಸುತ್ತೇವೆ.

ನಷ್ಟ ಏನು ಅಂದರೆ, ನಮ್ಮ ಮಹಾಪ್ರಬಂಧಗಳಲ್ಲಿ ‘ಈ ಪದ ಕವಿಯಲ್ಲಿ ಪದೇ ಪದೇ ಬರುತ್ತದೆ’ ಎಂಬ ವಾಕ್ಯ ಪದೇ ಪದೇ ಬರುತ್ತದೆ. ಎಷ್ಟು ಸಲ? ಎಲ್ಲೆಲ್ಲಿ? ಮಾರ್ಗದರ್ಶಕರೂ ಕೇಳುವುದಿಲ್ಲ, ಮೌಖಿಕ ಪರೀಕ್ಷೆಗೆ ಬಂದವರೂ ಕೇಳುವುದಿಲ್ಲ. ವಿಕ್ರಮಾರ್ಜುನ ವಿಜಯದ 14 ಆಶ್ವಾಸಗಳನ್ನು ನಾನು 14 ಸಾದಾ ಫೈಲುಗಳಾಗಿ ಇಟ್ಟುಕೊಂಡಿದ್ದೇನೆ. ಗ್ರೆಪ್ ಎಂಬ ಆಜ್ಞೆಗೆ ‘-ಎನ್’ ಆಯ್ಕೆ ಸೇರಿಸಿ ‘ನನ್ನಿ’ ಎಂದು ಕೇಳಿದರೆ ಅದು ಇರುವ ಪ್ರತಿಯೊಂದು ಸಾಲೂ ಫೈಲಿನ ಹೆಸರು, ಸಾಲಿನ ಸಂಖ್ಯೆ ಸಮೇತ ಬರುತ್ತದೆ. ಅದೇ ಸಂಖ್ಯೆಯನ್ನು ಎಡಿಟರಿಗೆ ಕೊಟ್ಟರೆ ಆ ಪದ್ಯದ ಎದುರಿಗೇ ಇರುತ್ತೇನೆ. ಎದುರಿಗೆ ಹೋಗಲೇಬೇಕು. ಗದ್ಯಾನುವಾದವೂ ಅದೇ ಫೈಲಿನಲ್ಲಿದ್ದರೆ ‘ನನ್ನಿಂದ’ ಕೂಡ ಬಲೆಗೆ ಬಿದ್ದಿರುತ್ತದೆ. ಸತ್ಯ ಯಾವುದು, ಸರ್ವನಾಮ ಯಾವುದು ಎಂದು ಯಂತ್ರ ಹೇಳುವುದಿಲ್ಲ, ಓದಿದವರು ಹೇಳಬೇಕು. ಆದರೆ ನಾನು ಏನು ಕೇಳಿದೆ, ಎಲ್ಲಿ ಕೇಳಿದೆ ಎಂಬುದು ಒಂದು ಸಾಲಿನ ಬರಹವಾಗಿ ಉಳಿಯಿತು. ಅದನ್ನು ಅಡಿಟಿಪ್ಪಣಿಗೆ ಹಾಕಬಹುದು. ಇನ್ನೊಬ್ಬರು ಅದೇ ಫೈಲುಗಳ ಮೇಲೆ ಅದನ್ನೇ ನಡೆಸಿ ನನ್ನನ್ನು ಸುಳ್ಳಾಗಿಸಬಹುದು. ಮೌಸ್ ಎಲ್ಲೆಲ್ಲಿ ಅಲೆಯಿತು ಎಂಬುದನ್ನು ಯಾವ ಅಡಿಟಿಪ್ಪಣಿಯಲ್ಲಿ ಬರೆಯುತ್ತೀರಿ?

ಫೈಲು ತಿದ್ದಿದರೆ ಸಾಲಿನ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೇ ಆಕರ ಪಠ್ಯವನ್ನು ತಿದ್ದಲಾಗದಂತೆ ತೆರೆಯುವ ಆಯ್ಕೆಗಳಿವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಅದು ‘-ಆರ್‌ಒ’. ಪದ್ಯದ ಸಂಖ್ಯೆಯನ್ನೂ ಜೊತೆಗೆ ಕೊಟ್ಟರೆ ಆಯಿತು.

ಇನ್ನೊಂದು ಪಂಗಡದ ಮೇಲೂ ನನಗೆ ಸಿಟ್ಟಿದೆ. ಕಿಟಕಿ, ಮೌಸು ಎಲ್ಲ ಹೆಂಬೇಡಿಗಳಿಗೆ, ನಿಜವಾದ ಎಡಿಟರ್ ಟರ್ಮಿನಲ್ಲಿನ ಒಳಗೇ ಓಡಬೇಕು ಅನ್ನುವ ಮಡಿವಂತರು ಅವರು. ಕನ್ನಡದ ಒಂದು ಪುಟವನ್ನು ಟರ್ಮಿನಲ್ಲಿನಲ್ಲಿ ಓದಿ ನೋಡಲಿ. ಟರ್ಮಿನಲ್ ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಹೆಚ್ಚಿಟ್ಟಿರುತ್ತದೆ. ರೋಮನ್ ಅಕ್ಷರಗಳು ಅದರಲ್ಲಿ ಸುಖವಾಗಿ ಕೂರುತ್ತವೆ. ನಮ್ಮ ‘ಸ್ತ್ರೀ’ ಕೂರುವುದಿಲ್ಲ. ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಕರ್ಸರ್ ಮತ್ತೆಲ್ಲೋ. ಜಿವಿಮ್‌ಗೆ ಸ್ವಂತ ಕಿಟಕಿಯಿದ್ದರೂ ಒಳಗೆ ಅದೇ ಚೌಕಗಳು. ಹಾಗಾಗಿ ಕನ್ನಡದವರಿಗೆ ಓದಲು ಕಿಟಕಿ ಬೇಕೇ ಬೇಕು. ಆಜ್ಞೆ ಟರ್ಮಿನಲ್ಲಿನಲ್ಲಿ, ಓದು ಜಿಎಡಿಟ್, ಕೇಟ್‌ಗಳಂಥ ಕಿಟಕಿಯಲ್ಲಿ: ಈ ಕೂಡಾವಳಿ ನಮ್ಮ ಲಿಪಿಗೆ ಹೇಳಿ ಮಾಡಿಸಿದ್ದು. ಇಂಗ್ಲಿಷಿನವರಿಗೆ ಇದು ಬರೀ ಅನುಕೂಲ ಇರಬಹುದು.

ಆಜ್ಞೆ ಕೊಡುವವರಿಗೆ ಇನ್ನೊಂದು ಲಾಭವುಂಟು, ಸುಳ್ಳು ಬೇಗ ಬಯಲಾಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕೀಲಿಸಿದ ಲೇಖನವನ್ನು ಸಾದಾ ಎಡಿಟರಿನಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಜಾತ್ರೆ, ಯಾಕೆಂದರೆ ಒಳಗಿರುವುದೇ ಅದು; ಕನ್ನಡ ಬರೀ ಫಾಂಟಿನ ವೇಷ. ಯೂನಿಕೋಡಿನಲ್ಲೂ ‘ಕೀ’ ಎಂಬ ಒಂದೇ ಅಕ್ಷರವನ್ನು ಎರಡು ಬಗೆಯಲ್ಲಿ ಕೂಡಿಸಬಹುದು: ದೀರ್ಘವನ್ನು ಒಂದೇ ಸಂಕೇತವಾಗಿ ಕೊಡಬಹುದು, ಇಲ್ಲವೇ ಗುಡಿಸಿನ ಮೇಲೆ ದೀರ್ಘದ ಗುರುತನ್ನು ಬೇರೆಯಾಗಿ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ‘ಕೀರ್ತಿ’ಯನ್ನು ಹುಡುಕಿ ಸೊನ್ನೆ ಬಂದರೆ ಕವಿಗೆ ಕೀರ್ತಿಯ ಮೋಹವಿರಲಿಲ್ಲ ಎಂದು ಬರೆಯುವ ಮೊದಲು ಇದನ್ನು ನೋಡಬೇಕು. (ನಮ್ಮ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇಂದಿಗೂ ‘ಫ’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ, ಒಮ್ಮೆ ಇಟ್ಟ ಹೆಸರನ್ನು ಅವರು ಬದಲಿಸುವುದಿಲ್ಲ. ಹಳಗನ್ನಡ ಓದಿದವರು ಆ ಮೇಜಿನ ಸುತ್ತ ಇರದಿದ್ದರೆ ಆಗುವುದು ಹೀಗೆ.)

ಪಾಠಾಂತರಗಳ ಕೆಲಸ ಮಾಡುವವರಿಗೆ ವಿಎಸ್ ಕೋಡಿನ ‘--ಡಿಫ್’ ಸಾಕು; ಎರಡು ಪ್ರತಿಗಳು ಅಕ್ಕಪಕ್ಕ ತೆರೆದು ವ್ಯತ್ಯಾಸಗಳು ಬಣ್ಣದಲ್ಲಿ ಕಾಣುತ್ತವೆ. ಪ್ರಬಂಧದ ಕರಡುಗಳನ್ನು ಗಿಟ್‌ನಲ್ಲಿ ಇಡುವವರು ‘--ವೆಯ್ಟ್’ ಮರೆಯಬಾರದು. ಅದಿಲ್ಲದಿದ್ದರೆ ಎಡಿಟರಿನ ಕಿಟಕಿ ತೆರೆದ ತಕ್ಷಣವೇ ಗಿಟ್ ಕೆಲಸ ಮುಗಿಯಿತೆಂದುಕೊಂಡು, ನೀವು ಏನೂ ಬರೆದಿಲ್ಲವೆಂದು ಹೇಳಿ ಬಾಗಿಲು ಹಾಕುತ್ತದೆ.

ಈಗ ರೋಮನ್ ಅಕ್ಷರಗಳ ಮಾತು. ಒಂದು ಸಂಶೋಧನಾ ಕೇಂದ್ರದ ಲ್ಯಾಬಿನಲ್ಲಿ ಟರ್ಮಿನಲ್ಲಿಗೆ ಬೀಗ ಹಾಕಿದ್ದರು. ತೆಗೆದುಕೊಡಿ ಸರ್ ಎಂದು ಕೇಳಿದ್ದಕ್ಕೆ ‘ಕನ್ನಡದವರಿಗೆ ಇಂಗ್ಲಿಷ್ ಆಜ್ಞೆ ಯಾಕಮ್ಮಾ’ ಎಂಬ ಉತ್ತರ ಸಿಕ್ಕಿತು. ಕನ್ನಡಾಭಿಮಾನ ಇಂಥ ಹೊತ್ತಿನಲ್ಲೇ ಉಕ್ಕುತ್ತದೆ. ಅದೇ ಲ್ಯಾಬಿನ ಎಲ್ಲ ಯಂತ್ರಗಳ ಮೆನುಗಳೂ ಇಂಗ್ಲಿಷಿನಲ್ಲಿದ್ದವು, ಅವನ್ನು ನಾವು ತಿದ್ದುವ ಹಾಗೂ ಇರಲಿಲ್ಲ. ಆಜ್ಞೆಯ ಕತೆ ಹಾಗಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ‘ತೆರೆ’ ಎಂಬ ಹೆಸರಿನ ಪುಟ್ಟ ಫೈಲೊಂದಿದೆ. ಒಳಗಿರುವುದು ಒಂದೇ ಸಾಲು: ಎರಡನೆಯದಾಗಿ ಕೊಟ್ಟ ಸಂಖ್ಯೆಗೆ ಕೂಡುವ ಚಿಹ್ನೆ ಹಚ್ಚಿ, ಮೊದಲು ಕೊಟ್ಟ ಫೈಲನ್ನು ಜಿಎಡಿಟ್‌ಗೆ ಒಪ್ಪಿಸು. ‘ತೆರೆ ಆಶ್ವಾಸ-09 412’ ಎಂದು ಕನ್ನಡದಲ್ಲೇ ಕೀಲಿಸಿ ಎಂಟರ್ ಒತ್ತುತ್ತೇನೆ, ತೆರೆಯುತ್ತದೆ. ಆ ಸಾಲನ್ನು ಬರೆಯಲು ಎರಡು ನಿಮಿಷ ಹಿಡಿಯಿತು. ಲ್ಯಾಬಿನ ಬೀಗ ಇನ್ನೂ ತೆಗೆದಿಲ್ಲ.