ಉತ್ತರ ದೊರೆತ ಮೇಲೆ

ಶಾಲೆಯ ಕೊನೆಯ ಗಂಟೆಯಾದ ಮೇಲೆ ಚದುರಂಗದ ಹಲಗೆಗಳನ್ನು ಹರಡಿಕೊಂಡು ಕುಳಿತುಕೊಳ್ಳುವ ಬಾಲಿಕೆಯರ ಗುಂಪೊಂದು ನಮ್ಮಲ್ಲಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಒಂದು ಸಂಜೆ ನಾವು ಆ ಗುಂಪಿನ ಮುಂದೆ ನಾಲ್ಕೇ ಕಾಯಿಗಳುಳ್ಳ ಒಂದು ಅಂತ್ಯದಾಟವನ್ನಿಟ್ಟು, ಮನೆಯಲ್ಲಿ ಯೋಚಿಸಿ ಬರುವಂತೆ ಹೇಳಿ ಕಳುಹಿದೆವು. ಮರುದಿನ ಬಹುಮಂದಿ ಸರಿಯಾದ ಉತ್ತರವನ್ನೇ ತಂದರು. "ಕೊನೆಯಲ್ಲಿ ಕಾಲಾಳನ್ನು ಆನೆ ಮಾಡಬೇಕು, ಟೀಚರ್" ಎಂದರು. "ರಾಣಿಯನ್ನೇಕೆ ಮಾಡಬಾರದು?" ಎಂದು ಕೇಳಿದೆವು. ಎಲ್ಲರೂ ಸುಮ್ಮನಾದರು. ಒಬ್ಬಳು ಮಾತ್ರ ತಲೆ ತಗ್ಗಿಸಿ, "ಎಂಜಿನ್ನು ಅದನ್ನು ಹೇಳಲಿಲ್ಲ, ಟೀಚರ್" ಎಂದು ಒಪ್ಪಿಕೊಂಡಳು. ತಂದೆತಾಯಿಗಳ ಮೊಬೈಲಿನಲ್ಲಿರುವ ಚದುರಂಗದ ಗಣಕವನ್ನೇ ಎಂಜಿನ್ನೆಂದು ಮಕ್ಕಳು ಕರೆಯುವುದು.

ಆ ಗುಂಪಿನಲ್ಲಿ ಇನ್ನೊಬ್ಬ ಬಾಲಿಕೆಯಿದ್ದಳು. ಅವಳ ಉತ್ತರ ತಪ್ಪಾಗಿತ್ತು: "ಈ ಆಟ ಸಮವಾಗುತ್ತದೆ" ಎಂದು ಬರೆದಿದ್ದಳು. ಆದರೆ ಅವಳ ನೋಟುಪುಸ್ತಕದ ಐದು ಪುಟಗಳು ಅವಳೇ ಇಟ್ಟು ನೋಡಿ ಹೊಡೆದುಹಾಕಿದ ನಡೆಗಳಿಂದ ತುಂಬಿದ್ದವು. ನಾವು ಎಲ್ಲರ ಮುಂದೆ ಮೆಚ್ಚಿದ್ದು ಆ ಪುಸ್ತಕವನ್ನು. ಇದನ್ನು ಕೇಳಿದ ತಾಯಿಯೊಬ್ಬರು, "ಸರಿಯುತ್ತರ ತಂದ ಮಕ್ಕಳನ್ನು ಬಿಟ್ಟು ತಪ್ಪಿದವಳನ್ನು ಮೆಚ್ಚುವುದು ನ್ಯಾಯವೇ?" ಎಂದು ನಮ್ಮನ್ನು ಕೇಳಿದರು. ಪ್ರಶ್ನೆ ಯುಕ್ತವಾದುದೇ. ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಬಗೆದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಮೊದಲು ಸಮಸ್ಯೆಯನ್ನು ನೋಡೋಣ. ಬಿಳಿಯ ರಾಜ ಬಿ6ರಲ್ಲಿ, ಅವನ ಕಾಲಾಳು ಸಿ6ರಲ್ಲಿ. ಕರಿಯ ರಾಜ ಎ1ರ ಮೂಲೆಯಲ್ಲಿ, ಅವನ ಆನೆ ಡಿ5ರಲ್ಲಿ. ಮೊದಲ ನಡೆ ಬಿಳಿಯದು. ಕಾಲಾಳು ಸಿ7ಕ್ಕೆ ನಡೆದೊಡನೆ ಆನೆ ಡಿ6ಕ್ಕೆ ಬಂದು ಚೆಕ್ ಕೊಡುತ್ತದೆ. ರಾಜನು ಬಿ7ಕ್ಕೆ ಹೋದರೆ ಆನೆ ಡಿ7ಕ್ಕೆ ಬಂದು ಕಾಲಾಳನ್ನು ಕಟ್ಟಿಹಾಕುತ್ತದೆ; ಸಿ5ಕ್ಕೆ ಹೋದರೆ ಡಿ1ಕ್ಕೆ ಸರಿದು, ಹುಟ್ಟಿದ ರಾಣಿಯನ್ನು ಸಿ1ರ ಚೆಕ್ಕಿನಿಂದ ಕೊಳ್ಳೆಹೊಡೆಯುತ್ತದೆ. ಆದಕಾರಣ ರಾಜನು ಬಿ5, ಬಿ4, ಬಿ3 ಎಂದು ಒಂದೊಂದೇ ಮೆಟ್ಟಿಲಿಳಿದು ಕೊನೆಗೆ ಸಿ2ಕ್ಕೆ ಬರಬೇಕು. ಆಗ ಕರಿಯ ಆನೆ ಡಿ4ಕ್ಕೆ ಹೋಗಿ ಕಾಯುತ್ತದೆ. ಈಗ ಕಾಲಾಳು ರಾಣಿಯಾದರೆ ಆನೆ ಸಿ4ರಲ್ಲಿ ತನ್ನನ್ನೇ ಬಲಿಗೊಡುತ್ತದೆ, ರಾಣಿ ಅದನ್ನು ಹೊಡೆದೊಡನೆ ಕರಿಯ ರಾಜನಿಗೆ ಚೆಕ್ಕೂ ಇಲ್ಲ, ಇಡಲು ನಡೆಯೂ ಇಲ್ಲ, ಆಟ ಸಮ. ಕಾಲಾಳು ಆನೆಯಾದರೋ ಆ ಬಲಿದಾನ ವ್ಯರ್ಥ. ಹೊಸ ಆನೆ ಎ8ರಿಂದ ಚೆಕ್‌ಮೇಟ್ ಕೊಡುವ ಬೆದರಿಕೆಯನ್ನು ಒಡ್ಡುತ್ತದೆ. ಅದನ್ನು ತಡೆಯಲು ಕರಿಯ ಆನೆ ಎ4ಕ್ಕೆ ಬರಲೇಬೇಕು. ಆಗ ಬಿಳಿಯ ರಾಜನು ಬಿ3ಕ್ಕೆ ಬಂದು ಆ ಆನೆಯನ್ನೂ ಮುಟ್ಟುತ್ತಾನೆ, ಸಿ1ರಲ್ಲಿ ಚೆಕ್‌ಮೇಟಿನ ದಾರಿಯನ್ನೂ ತೆರೆಯುತ್ತಾನೆ. ಎರಡನ್ನೂ ತಪ್ಪಿಸಲು ಕರಿಯನಿಗೆ ಸಾಧ್ಯವಿಲ್ಲ.

ಈ ಸಮಸ್ಯೆಯ ಚರಿತ್ರೆ ಇನ್ನೂ ಸ್ವಾರಸ್ಯವಾಗಿದೆ. 1895ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾರಪತ್ರಿಕೆಯೊಂದರಲ್ಲಿ ಚದುರಂಗದ ಅಂಕಣ ಬರೆಯುತ್ತಿದ್ದ ಬಾರ್ಬಿಯೆ ಎಂಬವರು, ಕರಿಯನು ಆಟವನ್ನು ಸಮ ಮಾಡಬಲ್ಲನೆಂದೇ ಈ ಅಂತ್ಯದಾಟವನ್ನು ಪ್ರಕಟಿಸಿದರು. ಆ ಊರಿನಲ್ಲಿ ವಾಸವಾಗಿದ್ದ ಸ್ಪೇನ್ ದೇಶದ ಪಾದ್ರಿ ಫೆರ್ನಾಂಡೊ ಸಾವೆದ್ರ ಎಂಬವರು ಕಾಲಾಳನ್ನು ಆನೆ ಮಾಡಿದರೆ ಗೆಲುವುಂಟೆಂದು ತೋರಿಸಿಕೊಟ್ಟರು. ಅವರು ದೊಡ್ಡ ಆಟಗಾರರಾಗಿರಲಿಲ್ಲ. ಈ ಒಂದೇ ನಡೆಯಿಂದ ಇಂದಿಗೂ ಅವರ ಹೆಸರು ಉಳಿದಿದೆ. ಹಾಗಾದರೆ ನಮ್ಮ ಬಾಲಿಕೆಯ ತಪ್ಪು ಎಂಥದು? ಬಾರ್ಬಿಯೆ ಮಹಾಶಯರು ಮಾಡಿದ ತಪ್ಪೇ ಅದು. ರಾಣಿಯಾದರೆ ಆಟ ಸಮವೆಂಬ ಗುಟ್ಟನ್ನು ಅವಳು ತಾನೇ ಕಂಡುಕೊಂಡಿದ್ದಳು. ಅವಳಿಗೆ ಉಳಿದಿದ್ದುದು ಒಂದು ಮೆಟ್ಟಿಲು ಮಾತ್ರ. "ಗೆಲುವುಂಟು, ಇನ್ನೊಮ್ಮೆ ನೋಡು" ಎಂದೆವು. ಸ್ವಲ್ಪ ಹೊತ್ತಿನಲ್ಲೇ ಆನೆಯನ್ನು ಎತ್ತಿ ಹಲಗೆಯ ಮೇಲಿಟ್ಟಳು. ಉಳಿದವರಲ್ಲಿ ಉತ್ತರವಿತ್ತು, ದಾರಿಯಿರಲಿಲ್ಲ. ಇವಳಲ್ಲಿ ದಾರಿಯೆಲ್ಲ ಇತ್ತು, ಉತ್ತರವೊಂದು ಬಾಕಿಯಿತ್ತು.

ಈಗ ಯಂತ್ರದ ವಿಷಯ. ಎಂಜಿನ್ನು ಒಂದು ಸ್ಥಿತಿಯಿಂದ ಮುಂದಕ್ಕೆ ಲಕ್ಷಾಂತರ ನಡೆಗಳನ್ನು ಎಣಿಸಿ, ಯಾರಿಗೆ ಎಷ್ಟು ಮೇಲುಗೈ ಎಂಬುದನ್ನು ಒಂದು ಅಂಕಿಯಿಂದ ಸೂಚಿಸುತ್ತದೆ. ಇದಲ್ಲದೆ ಅಂತ್ಯದಾಟಗಳಿಗೆ ಕೋಷ್ಟಕಗಳೆಂಬ ಬೇರೊಂದು ಸಾಧನವುಂಟು. ಚೆಕ್‌ಮೇಟ್ ಆದ ಎಲ್ಲ ಸ್ಥಿತಿಗಳಿಂದ ಹೊರಟು ಒಂದೊಂದೇ ನಡೆ ಹಿಂದಕ್ಕೆ ಸರಿಯುತ್ತ, ಪ್ರತಿಯೊಂದು ಸ್ಥಿತಿಯೂ ಗೆಲುವೋ ಸೋಲೋ ಸಮವೋ ಎಂದು ಗುರುತು ಹಾಕಿಟ್ಟ ಭಂಡಾರವದು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಮಹಾಗಣಕದಲ್ಲಿ ಏಳು ಕಾಯಿಗಳವರೆಗಿನ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಸುಮಾರು 423 ಲಕ್ಷ ಕೋಟಿ ಸ್ಥಿತಿಗಳು ಅದರಲ್ಲಿ ಅಡಗಿವೆ. ಅವುಗಳೊಳಗೆ ಚೆಕ್‌ಮೇಟಿಗೆ 549 ನಡೆಗಳು ಬೇಕಾಗುವ ಗೆಲುವೂ ಉಂಟು. ಅದರ ಪ್ರತಿಯೊಂದು ನಡೆಯೂ ನಿರ್ದುಷ್ಟವಾದುದು. ಆದರೆ ಬಹುಪಾಲು ನಡೆಗಳನ್ನು ಅಲ್ಲಿಯೇ ಏಕೆ ಇಡಬೇಕೆಂದು ಜಗತ್ತಿನ ಶ್ರೇಷ್ಠ ಆಟಗಾರರೂ ವಿವರಿಸಲಾರರು. ಸತ್ಯವು ಕೈಗೆ ಬಂದರೂ ಅರಿವು ಬಾರದಿರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಮಹಾಪಟುಗಳ ಗತಿಯೂ ಹೀಗೆಯೇ. 2018ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಕರುವಾನ ಇವರು ಜಗಜ್ಜೇತೃ ಪದವಿಗಾಗಿ ಆಡಿದರು. ಆರನೆಯ ಆಟದ ಅಂತ್ಯದಲ್ಲಿ ಕರಿಯ ಕಾಯಿಗಳ ಕರುವಾನರಿಗೆ ಗೆಲುವಿದೆಯೆಂದು ನಾರ್ವೆ ದೇಶದ ಗಣಕವೊಂದು ಕಂಡುಹಿಡಿಯಿತು. 68ನೆಯ ನಡೆಯಲ್ಲಿ ಒಂಟೆಯನ್ನು ಎಚ್4ಕ್ಕೆ ಇಟ್ಟು, ಮುಂದೆ ತನ್ನ ಕುದುರೆಯನ್ನು ತಾನೇ ಜಿ1ರ ಇಕ್ಕಟ್ಟಿನಲ್ಲಿ ಸಿಲುಕಿಸಿಕೊಳ್ಳುವುದೇ ಆ ಗೆಲುವಿನ ದಾರಿ! ಕರುವಾನರು ಅದನ್ನು ಕಾಣಲಿಲ್ಲ. 80 ನಡೆಗಳ ಆಟ ಸಮವಾಯಿತು. ಅಂಥ ನಡೆಯನ್ನು ಮನುಷ್ಯನೊಬ್ಬನು ಇಟ್ಟಿದ್ದರೆ ಅವನ ಮೇಲೆ ಸಂಶಯವೇ ಹುಟ್ಟುತ್ತಿತ್ತೆಂಬ ಅರ್ಥದಲ್ಲಿ ಹಿಂದಿನ ಜಗಜ್ಜೇತೃ ಕಾಸ್ಪರೋವ್ ನುಡಿದರು. ಆದರೂ ಪರದೆಯ ಮೇಲಿನ ಅಂಕಿಯನ್ನು ನೋಡುತ್ತಿದ್ದ ಎಷ್ಟೋ ಜನರು ಕರುವಾನರನ್ನು ಸುಲಭವಾಗಿ ದೂರಿದರು. ಅಂಕಿಯನ್ನು ಓದುವವನು ಆಟವನ್ನು ಓದಿದಂತಾಗಲಿಲ್ಲ.

ಇಷ್ಟರಿಂದ ನಾವು ಯಂತ್ರದ ವೈರಿಗಳೆಂದು ಯಾರೂ ತಿಳಿಯಬಾರದು. 1970ರ ದಶಕದ ಕೊನೆಯಲ್ಲಿ ಕೆನ್ ಥಾಂಪ್ಸನ್ ಎಂಬ ಅಮೆರಿಕದ ಗಣಕತಜ್ಞರು ಆನೆಯ ವಿರುದ್ಧ ರಾಣಿಯ ಅಂತ್ಯದಾಟಕ್ಕೆ ಕೋಷ್ಟಕವನ್ನು ರಚಿಸಿದರು. ರಾಣಿಗೆ ಗೆಲುವು ಸಲೀಸೆಂದು ಎಲ್ಲರೂ ನಂಬಿದ್ದ ಕಾಲವದು. ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ಪಂತ ಕಟ್ಟಿ ಯಂತ್ರದೆದುರು ಕುಳಿತರು. 31 ನಡೆಗಳಲ್ಲಿ ಗೆಲ್ಲಬಹುದಾದ ಆಟವನ್ನು 50 ನಡೆಗಳಲ್ಲಿಯೂ ಗೆಲ್ಲಲಾರದೆ ಹೋದರು. ರಾಜನನ್ನು ಬಿಟ್ಟು ಆನೆ ದೂರ ಹೋಗಬಾರದೆಂಬ ಪುಸ್ತಕದ ಪಾಠವನ್ನು ಯಂತ್ರ ಲಕ್ಷಿಸಲೇ ಇಲ್ಲ. ಬ್ರೌನ್ ಮಹಾಶಯರು ಮುನಿಯಲಿಲ್ಲ, ಉತ್ತರವನ್ನು ಬಾಯಿಪಾಠವನ್ನೂ ಮಾಡಲಿಲ್ಲ. ಕೆಲವು ವಾರ ಅದೇ ಯಂತ್ರದ ಆಟವನ್ನು ಅಭ್ಯಾಸಮಾಡಿ ಮತ್ತೆ ಬಂದು, ಸರಿಯಾಗಿ ಐವತ್ತನೆಯ ನಡೆಯಲ್ಲಿ ಗೆದ್ದರು. ಯಂತ್ರವನ್ನು ಗುರುವಾಗಿ ಬಳಸುವ ರೀತಿ ಇದು. ದೊಡ್ಡ ಊರುಗಳಲ್ಲಿ ಹಣ ತೆತ್ತು ಶಿಕ್ಷಕರನ್ನು ಇಟ್ಟುಕೊಳ್ಳಲಾರದ ಬಾಲಿಕೆಗೆ ಇಂದು ಹಣವಿಲ್ಲದೆ ದೊರೆಯುವ ಎಂಜಿನ್ನು ನಿಜವಾದ ಉಪಕಾರವನ್ನೇ ಮಾಡಿದೆ. ಅವಳ ತಪ್ಪನ್ನು ಅದು ಮುಖ ನೋಡದೆ ಹೇಳುತ್ತದೆ, ಹುಡುಗಿಯೆಂದು ಹೀಗಳೆಯುವುದಿಲ್ಲ.

1974ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಮಹಿಳಾ ಚದುರಂಗ ಪಂದ್ಯದಲ್ಲಿ ವಾಸಂತಿ ಖಾಡಿಲ್ಕರ್ ಗೆದ್ದಾಗ ಇಂಥ ಸಹಾಯ ಯಾರ ಮನೆಯಲ್ಲಿಯೂ ಇರಲಿಲ್ಲ. 2025ರಲ್ಲಿ ಮಹಿಳೆಯರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಕೊನೇರು ಹಂಪಿಯವರ ಎದುರು ಗೆದ್ದ ದಿವ್ಯಾ ದೇಶಮುಖ್ ಎಂಜಿನ್ನುಗಳ ಕಾಲದಲ್ಲಿಯೇ ಬೆಳೆದವರು. ಎರಡು ಕಾಲಗಳಿಗೂ ಒಂದು ಸಂಗತಿ ಸಮಾನ: ಹಲಗೆಯ ಮುಂದೆ ಕುಳಿತ ಮೇಲೆ ಪಕ್ಕದಲ್ಲಿ ಯಾರೂ ಇಲ್ಲ, ಯಾವುದೂ ಇಲ್ಲ. ಅಲ್ಲಿ ಹೊಸ ಸ್ಥಿತಿಯೊಂದು ಎದುರಾದಾಗ ಹಿಂದೆ ಕಂಡ ಉತ್ತರ ಕೆಲಸಕ್ಕೆ ಬಾರದು; ಹಿಂದೆ ಹುಡುಕಿದ ಅಭ್ಯಾಸ ಮಾತ್ರ ಕೈಹಿಡಿಯುತ್ತದೆ. ನಮ್ಮ ಬಾಲಿಕೆಯರಲ್ಲಿ ಬಹುಮಂದಿ ಚದುರಂಗದ ಪಟುಗಳಾಗಲಾರರು. ಆದರೆ ಮನೆಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ತಾವು ಕೈಗೊಂಡ ನಿರ್ಧಾರಕ್ಕೆ ಕಾರಣ ಹೇಳಬೇಕಾದ ದಿನ ಎಲ್ಲರಿಗೂ ಬರುವುದು. "ಯಂತ್ರ ಹೀಗೆ ಹೇಳಿತು" ಎಂಬುದು ಆ ದಿನ ಸಾಕಾಗದು.

ಆದುದರಿಂದ ನಮ್ಮ ಗುಂಪಿನಲ್ಲಿ ಒಂದು ಕ್ರಮವನ್ನು ಇಟ್ಟುಕೊಂಡಿದ್ದೇವೆ. ಮೊದಲು ಹಲಗೆ ಮತ್ತು ನೋಟುಪುಸ್ತಕ. ತನ್ನ ಉತ್ತರವನ್ನು, ಅದು ತಪ್ಪಾದರೂ ಸರಿಯೇ, ಕಾರಣಸಹಿತ ಬರೆಯಬೇಕು. ಅನಂತರ ಎಂಜಿನ್ನು. ಅದು ಬೇರೆ ನಡೆಯನ್ನು ತೋರಿಸಿದರೆ ಅಲ್ಲಿಗೆ ಪುಸ್ತಕ ಮುಚ್ಚದೆ, ತನ್ನ ನಡೆಯನ್ನೇ ಯಂತ್ರದ ಮುಂದಿಟ್ಟು ಅದು ಹೇಗೆ ಖಂಡಿಸುತ್ತದೆಂದು ನೋಡಬೇಕು. ಕಡೆಯದಾಗಿ ತಾನು ಕಲಿತುದನ್ನು ಒಂದೇ ವಾಕ್ಯದಲ್ಲಿ ತನ್ನ ಮಾತಿನಲ್ಲಿ ಬರೆಯಬೇಕು. ಅಂದು ಉತ್ತರ ತಂದ ಮಕ್ಕಳೂ ಹೀಗೆ ರಾಣಿಯನ್ನು ಹಲಗೆಯ ಮೇಲಿಟ್ಟು, ಕರಿಯ ರಾಜ ನಡೆಯಿಲ್ಲದೆ ನಿಂತುದನ್ನು ಕಣ್ಣಾರೆ ಕಂಡು ನಕ್ಕರು. ಆ ನಗುವಿನ ಮೊದಲು ಅವರಿಗೆ ತಿಳಿದಿದ್ದುದು ಒಂದು ನಡೆ ಮಾತ್ರ.

ಪ್ರಶ್ನೆ ಕೇಳಿದ ತಾಯಿಯವರಿಗೆ ಇದೇ ನಮ್ಮ ವಿನಯಪೂರ್ವಕವಾದ ಉತ್ತರ. ಮೊಬೈಲನ್ನು ಮಗಳಿಂದ ಕಸಿದುಕೊಳ್ಳಿರೆಂದು ನಾವು ಹೇಳುವುದಿಲ್ಲ. ಅವಳು ಉತ್ತರವನ್ನು ತಂದಾಗ, "ಇನ್ನೊಂದು ನಡೆ ಏಕಾಗದು, ಮಗಳೇ?" ಎಂದು ಕೇಳಿರಿ. ನಿಮಗೆ ಚದುರಂಗ ಬಾರದಿದ್ದರೂ ಚಿಂತೆಯಿಲ್ಲ. ಆ ಪ್ರಶ್ನೆಗೆ ಆಟದ ತಿಳಿವಳಿಕೆ ಬೇಕಿಲ್ಲ. ಅದಕ್ಕೆ ಅವಳು ಯಾವ ಪರದೆಯನ್ನೂ ನೋಡದೆ ಉತ್ತರ ಕೊಡುವ ದಿನ, ನೀವೂ ನಾವೂ ಅವಳಿಗೆ ಕಲಿಸಬೇಕಾದುದರಲ್ಲಿ ಬಹುಭಾಗವನ್ನು ಕಲಿಸಿದಂತಾಯಿತು.