ಹಯವದನ ಮತ್ತು ನಗದ ಮಗು

ಸ್ನೇಹವೂ ಪ್ರೇಮವೂ ಒಂದೇ ಸೂರಿನಡಿ ಬಾಳಬಲ್ಲವೇ? ಗಿರೀಶ ಕಾರ್ನಾಡರು 1971ರಲ್ಲಿ ಬರೆದ ‘ಹಯವದನ’ವು ಈ ಪ್ರಶ್ನೆಯನ್ನು ಹಾಡು, ಮುಖವಾಡ ಮತ್ತು ಅರ್ಧ ತೆರೆಗಳ ಮೂಲಕ ಕೇಳುತ್ತದೆ. ಕಥಾಸರಿತ್ಸಾಗರದ ಬೇತಾಳಕಥೆಯೊಂದು ಜರ್ಮನ್ ಲೇಖಕ ಥಾಮಸ್ ಮನ್‌ನ ಕೈಯಲ್ಲಿ 1940ರಲ್ಲಿ ಕಿರುಕಾದಂಬರಿಯಾಗಿ, ಅಲ್ಲಿಂದ ಮರಳಿ ಬಂದು ಯಕ್ಷಗಾನದ ಭಾಗವತನ ಬಾಯಲ್ಲಿ ಕನ್ನಡವಾಯಿತು. 1972ರಲ್ಲಿಯೇ ಸತ್ಯದೇವ ದುಬೆಯವರು ಮುಂಬಯಿಯಲ್ಲಿ ಅದನ್ನು ಹಿಂದಿಯಲ್ಲಿ ಆಡಿಸಿದರು. ಹಿಂದಿ ಅನುವಾದವೂ ಕನ್ನಡಿಗರಾದ ಬಿ.ವಿ. ಕಾರಂತರದೇ, ರಂಗಸಂಗೀತದಿಂದ ಅದಕ್ಕೆ ಉಸಿರು ತುಂಬಿದವರಲ್ಲಿಯೂ ಅವರು ಪ್ರಮುಖರು.

ಇಷ್ಟಾದರೂ ಹೊರನಾಡಿನ ನಮ್ಮ ಮಕ್ಕಳಲ್ಲಿ ಹಲವರು ಈ ನಾಟಕವನ್ನು ನೋಡುವುದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಇದಕ್ಕೆ ಅನ್ಯಭಾಷಿಕರನ್ನು ದೂರುವಂತಿಲ್ಲ. ಅವರು ನಮ್ಮ ನಾಟಕವನ್ನು ಪ್ರೀತಿಯಿಂದ ಎತ್ತಿಕೊಂಡರು. ನಾವು ರಾಜ್ಯೋತ್ಸವದ ಸಂಜೆಯನ್ನು ಸನ್ಮಾನಕ್ಕೂ ಚಲನಚಿತ್ರಗೀತೆಗಳಿಗೂ ಬಿಟ್ಟುಕೊಟ್ಟೆವು. ‘ನಮ್ಮ ಜನಕ್ಕೆ ಗಂಭೀರ ನಾಟಕ ಬೇಡ’ ಎಂಬ ಮಾತು ಪ್ರತಿ ಕಾರ್ಯಕಾರಿ ಸಮಿತಿಯಲ್ಲೂ ಕೇಳಿಬರುತ್ತದೆ. ಆದರೆ ಹಯವದನದಲ್ಲಿ ನಗೆಗೇನು ಕೊರತೆ? ಪೂರ್ಣ ಮನುಷ್ಯನಾಗಬೇಕೆಂದು ಕಾಳಿಯನ್ನು ಬೇಡಿದ ಕುದುರೆಮೊಗದವನು ಪೂರ್ಣ ಕುದುರೆಯೇ ಆಗಿಬಿಡುತ್ತಾನೆ!

ಆ ನಗೆಯ ಒಳಗೇ ನೋವಿದೆ. ದೇವದತ್ತ ಮತ್ತು ಕಪಿಲರ ಗೆಳೆತನವನ್ನು ಪದ್ಮಿನಿ ಕೆಡಿಸಿದಳೆಂದು ಹೇಳುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಇಬ್ಬರೂ ತಲೆ ಕಡಿದುಕೊಳ್ಳುತ್ತಾರೆ. ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ. ತನಗೇನು ಬೇಕೆಂಬುದನ್ನು ತನ್ನಿಂದಲೇ ಮರೆಮಾಚದವಳು ಆಕೆಯೊಬ್ಬಳೇ. ಸ್ನೇಹ ಸಾಯುವುದು ಪ್ರೇಮದಿಂದಲ್ಲ, ಮೌನದಿಂದ.

ಕೊನೆಯಲ್ಲಿ ಉಳಿಯುವುದು ಒಂದು ಮಗು. ಅದು ನಗುವುದಿಲ್ಲ, ಮಾತನಾಡುವುದಿಲ್ಲ; ಕೈಯಲ್ಲಿ ಗೊಂಬೆಗಳನ್ನು ಅವುಚಿಕೊಂಡಿರುತ್ತದೆ. ಕೆಲವು ವರ್ಷ ಕಾಡಿನ ಬೇಡರಲ್ಲಿ ಬೆಳೆದು, ಬಳಿಕ ಅಗ್ರಹಾರದ ಅಜ್ಜನ ಮನೆ ಸೇರಬೇಕೆಂದು ತಾಯಿ ಗೊತ್ತುಮಾಡಿದ ಮಗು ಅದು. ಎರಡು ನೆಲಗಳ ನಡುವೆ ಹಂಚಿಹೋದ ಈ ಕೂಸನ್ನು ಹೊರನಾಡ ಕನ್ನಡಿಗನು ಗುರುತಿಸದೆ ಇರಲಾರ. ಅಜ್ಜಿಯ ಮುಂದೆ ಬಾಯಿಕಟ್ಟಿ ನಿಲ್ಲುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ನಾಟಕದ ಮಗುವಿನ ಮೌನವನ್ನು ಒಡೆಯುವುದು ಉಪದೇಶವಲ್ಲ. ಹಾಡುವ, ನಗುವ ಒಂದು ಕುದುರೆ.

ಆದುದರಿಂದ ಸಂಘಗಳಲ್ಲಿ ನನ್ನದೊಂದು ಬಿನ್ನಹ. ವರ್ಷಕ್ಕೊಂದು ಸಂಜೆಯನ್ನು ಇಂಥ ಹಾಡುನಾಟಕಕ್ಕೆ ಮೀಸಲಿಡೋಣ. ತಂಡವನ್ನು ಊರಿನಿಂದ ಕರೆಸಿ ಚಪ್ಪಾಳೆ ತಟ್ಟಿದರೆ ಸಾಲದು. ಮೇಳದಲ್ಲಿ ನಮ್ಮ ಮಕ್ಕಳೇ ನಿಲ್ಲಲಿ. ಲಿಪಿ ಬಾರದವರು ಹಾಡುಗಳನ್ನು ದೇವನಾಗರಿಯಲ್ಲೋ ತಮಿಳಿನಲ್ಲೋ ಬರೆದುಕೊಳ್ಳಲಿ. ಲಿಪಿಶುದ್ಧಿಯನ್ನು ಬಯಸುವ ಹಿರಿಯರು ಇದನ್ನು ಒಪ್ಪಲಾರರೆಂದು ಬಲ್ಲೆ. ಆದರೆ ಅಕ್ಷರ ಬರುವವರೆಗೆ ಕಾಯುತ್ತ ಕುಳಿತರೆ ಕಿವಿ ಮರೆತುಹೋಗುತ್ತದೆ. ಮೊದಲು ಬಾಯಿಗೆ ಹಾಡು ಬರಲಿ. ಅಕ್ಷರವನ್ನು ಆಮೇಲೆ ಕಲಿಸೋಣ.